ಉಗ್ರಾಣದ ಕಿವುಡಿ

ಜನವರಿ 12

ಅಪ್ಪನಿಗೆ,

ಹದಿನೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮನೆ ನಂಬರು ಗೊತ್ತಿಲ್ಲ. ಕೋಟೆಯಲ್ಲಿ ಕಥೆ ಹೇಳುವವರಿಗೆ ಎಂದು ಹೊರಗೆ ಬರೆದಿದ್ದೇನೆ. ಅಂಚೆಯವರು ತಲುಪಿಸಿಯಾರು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದೇನೆ. ಒದ್ದೆ ಹೊದಿಕೆಗಳನ್ನು ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಕೊಡುವುದು ನನ್ನ ಕೆಲಸ. ಆ ಕಡೆಯಿಂದ ಎಳೆದು ಮಡಿಸುವುದು ಇಸ್ತ್ರಿಯಕ್ಕನದು. ದಿನವಿಡೀ ಇಬ್ಬರೂ ಎದುರುಬದುರು ನಿಂತಿರುತ್ತೇವೆ. ಅಜ್ಜಿ ಹೋದ ವರ್ಷ ತೀರಿಕೊಂಡಳು. ನಿಮಗೆ ತಿಳಿಸಬೇಡ ಎಂದು ಅವಳೇ ಹೇಳಿದ್ದಳು, ತಿಳಿಸಲಿಲ್ಲ.

ರಜೆಗೆ ಇಸ್ತ್ರಿಯಕ್ಕ ಮನೆಯವರ ಜೊತೆ ಕೋಟೆ ನೋಡಲು ಬಂದಿದ್ದಳು. ನಾನು ಅಲ್ಲೇ ಹುಟ್ಟಿ ಬೆಳೆದವಳು ಎಂದು ಅವಳಿಗೆ ಗೊತ್ತಿಲ್ಲ. ವಾಪಸು ಬಂದವಳೇ ಉರುಳೆಯ ಆ ಕಡೆಯಿಂದ ಶುರು ಮಾಡಿದಳು.

"ಅಲ್ಲೊಬ್ರು ವಯಸ್ಸಾದವರು ಇದಾರೆ ಕಣೇ. ದೆವ್ವದ ಕಥೆ ಹೇಳ್ತಾರೆ. ಬೇರೆ ಎಲ್ಲಾನೂ ನಗಿಸ್ಕೊಂಡೇ ಹೇಳಿದ್ರು. ಉಗ್ರಾಣದ ಹತ್ರ ಬಂದ್ರಲ್ಲ, ದನಿನೇ ಬೇರೆ ಆಗೋಯ್ತು."

"ಏನಂತೆ ಕಥೆ?"

"ಉಗ್ರಾಣದ ಕಿವುಡಿ ಅಂತ. ರಾಣಿಯ ದಾಸಿಯಂತೆ. ಶತ್ರುಗಳು ಬಂದ್ರು, ಎಲ್ರೂ ಓಡಿ ಅಂತ ನಗಾರಿ ಹೊಡೆದ್ರು. ಇವಳಿಗೆ ಕಿವಿ ಕೇಳಲ್ಲ. ಒಳಗೆ ಕಾಳು ಗುಡಿಸ್ತಾ ಇದ್ಲು. ಕಾವಲುಗಾರ ಬಾಗಿಲಿಗೆ ಬೀಗ ಜಡಿದು ಹೋಗ್ಬಿಟ್ಟ. ಆ ಕಾವಲುಗಾರ ಬೇರೆ ಯಾರೂ ಅಲ್ಲ, ಅವಳ ಗಂಡನೇ. ಈಗ್ಲೂ ಅಲ್ಲಿ ಪೊರಕೆ ಸದ್ದು ಕೇಳಿಸತ್ತಂತೆ. ಹೇಳ್ತಾ ಹೇಳ್ತಾ ಅವರ ಕಣ್ಣಲ್ಲಿ ನೀರು. ನಮ್ಮ ಯಜಮಾನ್ರು ಚಪ್ಪಾಳೆ ತಟ್ಟಿದ್ರು, ಏನು ನಟನೆ ಅಂತ."

ಹೊದಿಕೆಯ ಜೊತೆ ನನ್ನ ಎರಡು ಬೆರಳೂ ಉರುಳೆಗೆ ತಾಗಿದವು. ಬೊಬ್ಬೆ ಬಂದಿದೆ. ಅದಕ್ಕೇ ಅಕ್ಷರ ಹೀಗಿದೆ.

ನನ್ನ ಅಮ್ಮ ಕೋಟೆಯಲ್ಲಿ ಕಸ ಗುಡಿಸುತ್ತಿದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕುವ ಕೆಲಸ ಆಗ ನಿಮ್ಮದು. ನೀವು ಬೀಗ ಹಾಕಿದ ಮೇಲೆ ಅವಳು ಒಳಗೇ ಉಳಿದಳು. ಉಗ್ರಾಣದ ಹಿಂದಿನ ಒಡೆದ ಗೋಡೆಯಿಂದ ಇಳಿಯಲು ಹೋಗಿ ಬಿದ್ದು ಸತ್ತಳು.

ನೀವು ಅಮ್ಮನನ್ನು ದೆವ್ವ ಮಾಡಿ ಜನರಿಗೆ ತೋರಿಸುತ್ತಿದ್ದೀರಾ? ಇದೊಂದಕ್ಕೆ ಉತ್ತರ ಬರೆಯಿರಿ. ವಿಳಾಸ ಹಿಂದೆ ಇದೆ.

ಅಜ್ಜಿಯ ಮೊಮ್ಮಗಳು


ಜನವರಿ 29

ಕುಳ್ಳಿ,

ಈಗ ಎಷ್ಟು ಎತ್ತರ ಇದ್ದೀಯೋ ಗೊತ್ತಿಲ್ಲ. ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ನಿನ್ನ ಕಾಗದ ತಲುಪಿತು. ಅಂಚೆಯವನು ನೇರ ನನ್ನ ಕೈಗೇ ಕೊಟ್ಟ. ಬೆರಳಿಗೆ ಏನು ಹಚ್ಚಿದೆ? ಅಜ್ಜಿಯ ಸುದ್ದಿ ಓದಿದೆ. ನಿನ್ನನ್ನು ಸಾಕಿದಳು. ಅವಳ ಮೇಲೆ ನನಗೆ ಎಂದೂ ಬೇಸರವಿರಲಿಲ್ಲ.

ಕೋಟೆಗೆ ಬಂದ ಜನಕ್ಕೆ ದೆವ್ವ ಬೇಕು. ಯಾವ ರಾಜ ಎಷ್ಟು ವರ್ಷ ಆಳಿದ ಎಂದರೆ ಆಕಳಿಸುತ್ತಾರೆ. ನಾವು ಇಲ್ಲಿ ಮೂರು ಜನ ಕಥೆ ಹೇಳುವವರು. ಜಾಗ ಹಂಚಿಕೊಂಡಿದ್ದೇವೆ. ಒಬ್ಬನ ದೆವ್ವವನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಕೊಳದ ರಾಣಿ ಕನ್ನಡಕದವನದು. ಗಂಡ ಯುದ್ಧದಲ್ಲಿ ಸತ್ತ ಎಂಬ ಸುದ್ದಿ ಬಂದಾಗ ಅವಳು ಕಿವಿಯ ಓಲೆ ಬಿಚ್ಚುತ್ತಿದ್ದಳಂತೆ. ಒಂದು ಬಿಚ್ಚಿದವಳು ಹಾಗೇ ಕೊಳಕ್ಕೆ ಹಾರಿದಳು. ದಡದಲ್ಲಿ ಬಿಟ್ಟುಹೋದ ಆ ಒಂದು ಓಲೆಗಾಗಿ ಈಗಲೂ ಮೆಟ್ಟಿಲು ತಡವುತ್ತಾಳೆ. ಹೆಬ್ಬಾಗಿಲ ಕಲ್ಲುಕುಟಿಗ ಉದ್ದನೆಯವನ ಪಾಲಿಗೆ ಬಂದಿದ್ದಾನೆ. ಗೋಡೆ ನಿಲ್ಲುತ್ತಿಲ್ಲವೆಂದು ಅವನನ್ನೇ ಒಳಗಿಟ್ಟು ಕಟ್ಟಿದರು, ಮಳೆ ಬಂದರೆ ಆ ಕಲ್ಲು ಬೆವರುತ್ತದೆ ಎಂದು ಹೇಳುತ್ತಾನೆ. ಮಳೆ ಬಂದರೆ ಎಲ್ಲ ಕಲ್ಲೂ ಬೆವರುತ್ತವೆ, ಇದುವರೆಗೆ ಯಾರೂ ಕೇಳಿಲ್ಲ.

ಮೊನ್ನೆ ಒಬ್ಬ ಹೆಂಗಸು, "ಈ ದೆವ್ವಗಳು ದಿನಾ ಇರತ್ತಾ?" ಎಂದಳು. "ಬುಧವಾರ ಬಿಟ್ಟು ದಿನಾ ಇರತ್ತೆ ತಾಯಿ. ಬುಧವಾರ ಕೋಟೆಗೆ ರಜ" ಎಂದೆ.

ಉಗ್ರಾಣ ನನ್ನದು. ಅದು ಹಳೆಯ ಕಥೆ. ನಿನ್ನ ಅಮ್ಮನಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಸ್ವಲ್ಪ ದಿನಕ್ಕೆ ನಮ್ಮ ಬಾಯಿಗೂ ರಜ. ಕಿವಿಗೆ ಹಾಕಿಕೊಂಡು ಕೇಳುವ ಯಂತ್ರ ಬರುತ್ತದಂತೆ. ನಮ್ಮ ಕಥೆಗಳನ್ನೇ ನಮ್ಮ ದನಿಯಲ್ಲೇ ಮೇ ತಿಂಗಳ ಮೊದಲ ವಾರ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಒಂದು ಅಕ್ಷರವೂ ಆಚೀಚೆ ಆಗುವುದಿಲ್ಲ, ನಾವು ಸತ್ತರೂ ಅದೇ ಮಾತಾಡುತ್ತಿರುತ್ತದೆ ಎಂದು ಕಚೇರಿಯವರು ಹೇಳಿದರು.

ಬೊಬ್ಬೆ ಒಡೆಯಬೇಡ.

ಅಪ್ಪ


ಫೆಬ್ರವರಿ 9

ಅಪ್ಪನಿಗೆ,

ಹಳೆಯ ಕಥೆ ವರ್ಷ ವರ್ಷಕ್ಕೆ ಬದಲಾಗುವುದಿಲ್ಲ.

ನಮ್ಮಲ್ಲಿಗೆ ಬಟ್ಟೆ ತರುವವರನ್ನೆಲ್ಲ ಕೇಳಿದೆ. ಕೋಟೆ ನೋಡಿದವರು ಬೇಕಾದಷ್ಟು ಜನ ಸಿಕ್ಕಿದರು. ಮಕ್ಕಳ ವಾರ್ಡಿನ ಹಿರಿಯ ನರ್ಸು ಹದಿನಾಲ್ಕು ವರ್ಷದ ಹಿಂದೆ ಬಂದಿದ್ದಳು. ಆಗ ನೀವು ಹೇಳಿದ್ದು, ದಾಸಿಯನ್ನು ಶತ್ರುಗಳು ಕೂಡಿಹಾಕಿದರು ಎಂದು. ಆಂಬುಲೆನ್ಸಿನ ಡ್ರೈವರ್ ಬಂದದ್ದು ಆರು ವರ್ಷದ ಹಿಂದೆ. ಅವನಿಗೆ ಹೇಳಿದ್ದು, ರಾಜನೇ ಬೀಗ ಹಾಕಿಸಿದ, ಕಾವಲುಗಾರ ಬೇಡವೆಂದು ಕಾಲಿಗೆ ಬಿದ್ದ ಎಂದು. ಇಸ್ತ್ರಿಯಕ್ಕನ ಹೊತ್ತಿಗೆ ಶತ್ರುವೂ ಇಲ್ಲ, ರಾಜನೂ ಇಲ್ಲ. ಗಂಡನೇ ಬೀಗ ಹಾಕಿದ. ಬೀಗದ ಕೈಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಕೊನೆಗೆ ನಿಮ್ಮ ಕೈಗೇ ತಂದುಕೊಂಡಿದ್ದೀರಿ.

ಅಜ್ಜಿ ನನಗೆ ಹೇಳಿದ್ದು ಇಷ್ಟು. ಆಗ ಚಿಕ್ಕಮ್ಮನಿಗೆ ಹೆರಿಗೆಯಾಗಿತ್ತು. ಅಮ್ಮ ಹದಿನೈದು ದಿನ ತಂಗಿಯ ಮನೆಯಲ್ಲಿದ್ದು ಬರುತ್ತೇನೆ ಎಂದಳು. ನೀವು ಬೇಡ ಎಂದಿರಿ. ಬೆಳಿಗ್ಗೆ ಜಗಳವಾಯಿತು. ಸಂಜೆ ಕೆಲಸ ಮುಗಿಸಿ ಹಾಗೇ ಹೋಗುತ್ತೇನೆ ಎಂದು ಅವಳು ಹಟ ಹಿಡಿದಳು. ಅವಳು ಹೋಗಬಾರದೆಂದು ನೀವು ಬೀಗ ಹಾಕಿದಿರಿ. "ನನ್ನ ಮಗಳನ್ನ ನಿಮ್ಮಪ್ಪ ಕೈಯಾರೆ ಕೊಲ್ಲಲಿಲ್ಲ ಅಷ್ಟೇ" ಎನ್ನುತ್ತಿದ್ದಳು ಅಜ್ಜಿ.

ಆಗ ನಾನು ಒಂಬತ್ತು ವರ್ಷದವಳು. ಅಜ್ಜಿಯ ಕೈ ಹಿಡಿದುಕೊಂಡು ಹೊರಟಾಗ ನೀವು ಬಾಗಿಲಿಗೂ ಬರಲಿಲ್ಲ.

ಆ ಕಥೆ ಯಂತ್ರಕ್ಕೆ ಹೋಗುವ ಮುಂಚೆ ನನಗೆ ನಿಜ ಬೇಕು. ಅಮ್ಮ ಒಳಗಿದ್ದಾಳೆ ಎಂದು ಗೊತ್ತಿದ್ದೂ ಬೀಗ ಹಾಕಿದಿರಾ?

ಅವಳ ಮಗಳು


ಮಾರ್ಚ್ 2

ಕುಳ್ಳಿ,

ಬರೆಯಲು ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಜಗಳವಾಗಿದ್ದು ನಿಜ. ಅವಳಿಗೆ ಕಿವಿ ಕೇಳದ ಕಾರಣ ನಮ್ಮ ಜಗಳವೆಲ್ಲ ಕೈಯಲ್ಲಿ, ಮುಖದಲ್ಲಿ. ಸಿಟ್ಟು ಬಂದರೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಗಿಯಿತು, ಆಮೇಲೆ ನಾನು ಏನು ಹೇಳಿದರೂ ಅವಳಿಗೆ ತಲುಪುವುದಿಲ್ಲ. ಆ ಬೆಳಿಗ್ಗೆಯೂ ಹಾಗೇ ಮಾಡಿದಳು. ನನಗೆ ನಗು ಬಂತು. ನಕ್ಕಿದ್ದು ಅವಳು ನೋಡಲಿಲ್ಲ.

ತನ್ನ ಪೊರಕೆಯ ಸದ್ದು ಅವಳಿಗೆ ಗೊತ್ತಿರಲಿಲ್ಲ. ಕಲ್ಲಿನ ನೆಲವನ್ನು ಕೆರೆದ ಹಾಗೆ ಗುಡಿಸುತ್ತಿದ್ದಳು. ಹೆಬ್ಬಾಗಿಲವರೆಗೂ ಕೇಳುತ್ತಿತ್ತು. ಅವಳು ಎಲ್ಲಿದ್ದಾಳೆ ಎಂದು ನಾನು ಕೂತಲ್ಲೇ ತಿಳಿದುಕೊಳ್ಳುತ್ತಿದ್ದೆ.

ಆ ಒಡೆದ ಗೋಡೆಯನ್ನು ಆ ವರ್ಷವೇ ಕಟ್ಟಿಬಿಟ್ಟರು. ಬೀಗದ ಕೈಗಳನ್ನು ನನ್ನಿಂದ ತೆಗೆದುಕೊಂಡರು. ಅವರು ತೆಗೆದುಕೊಳ್ಳದಿದ್ದರೆ ನಾನೇ ಕೊಡುತ್ತಿದ್ದೆ. ಕಥೆ ಹೇಳುವ ಕೆಲಸಕ್ಕೆ ಹಾಕಿದರು.

ಆ ದಿನದ್ದು ಇಷ್ಟು ಸಾಕು. ಉಳಿದದ್ದನ್ನು ಕೇಳಬೇಡ. ನಿನಗೆ ನನ್ನ ಮೇಲೆ ಸಿಟ್ಟಿದೆ, ಇರಲಿ. ಅದನ್ನು ಇಟ್ಟುಕೊಂಡೇ ನೀನು ಬೆಳೆದೆ, ಕೆಲಸ ಹಿಡಿದೆ, ಅಜ್ಜಿಯನ್ನು ಕೊನೆತನಕ ನೋಡಿಕೊಂಡೆ. ಅದನ್ನು ಕೈಬಿಡಬೇಡ.

ಅಲ್ಲಿ ಬಿಸಿಲು ಶುರುವಾಯಿತೇ? ಉರುಳೆಯ ಹತ್ತಿರ ನಿಲ್ಲುವವಳು ನೀರು ಹೆಚ್ಚು ಕುಡಿ.

ಅಪ್ಪ


ಮಾರ್ಚ್ 10

ಅಪ್ಪನಿಗೆ,

ನೀರಿನ ವಿಚಾರ ನಾನು ಕೇಳಿರಲಿಲ್ಲ.

ಮೇ ತಿಂಗಳಲ್ಲಿ ಯಂತ್ರದವರು ಬರುವ ದಿನ ನಾನೂ ಬರುತ್ತೇನೆ. ಉಗ್ರಾಣದ ಮುಂದೆ ನಿಂತು, ಇವಳು ಯಾವ ರಾಣಿಯ ದಾಸಿಯೂ ಅಲ್ಲ, ನನ್ನ ಅಮ್ಮ, ಕೊಂದವನು ಇವನೇ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಅದು ಬೇಡವಾದರೆ ಈಗ ಬರೆಯಿರಿ.

ಉತ್ತರಕ್ಕೆ ಕಾಯುತ್ತಿರುವವಳು


ಮಾರ್ಚ್ 20

ಕುಳ್ಳಿ,

ಬರೆಯುತ್ತೇನೆ.

ನಿನಗೆ ನೆನಪಿರಲಿಕ್ಕಿಲ್ಲ. ಹೆಬ್ಬಾಗಿಲ ಪಕ್ಕದ ಗೋಡೆಗೆ ಒಂದು ಮರದ ಹಲಗೆ ಇತ್ತು, ಅದಕ್ಕೆ ಸಾಲಾಗಿ ಮೊಳೆ. ಒಳಗೆ ಕೆಲಸ ಮಾಡುವ ಹನ್ನೊಂದು ಜನಕ್ಕೂ ಒಂದೊಂದು ಹಿತ್ತಾಳೆ ಬಿಲ್ಲೆ. ಬೆಳಿಗ್ಗೆ ಬಂದವರು ಬಿಲ್ಲೆ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಹೋಗುವಾಗ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದೆ ಎಂದರೆ ಆ ಮನುಷ್ಯ ಒಳಗಿದ್ದಾನೆ. ಸಂಜೆ ಐದೂವರೆಗೆ ನಾನು ಸೀಟಿ ಊದುತ್ತಿದ್ದೆ, ಉಳಿದವರು ಬಂದು ಹಾಕುತ್ತಿದ್ದರು. ಹಲಗೆ ತುಂಬದೆ ಬೀಗ ಹಾಕುವ ಹಾಗಿಲ್ಲ. ನಿನ್ನ ಅಮ್ಮನಿಗೆ ಸೀಟಿ ಕೇಳುತ್ತಿರಲಿಲ್ಲ. ಅವಳ ಬಿಲ್ಲೆ ಬರದಿದ್ದರೆ ನಾನೇ ಹೋಗಿ ಭುಜ ತಟ್ಟಿ ಕರೆದು ತರುತ್ತಿದ್ದೆ.

ಆ ದಿನ ಅವಳ ಮೊಳೆ ಖಾಲಿ ಇತ್ತು. ನೋಡಿದೆ. ಅವಳು ಉಗ್ರಾಣದಲ್ಲಿದ್ದಾಳೆ, ಕೆಲಸ ಮುಗಿಸಿ ಅಲ್ಲೇ ಹತ್ತಿರದ ಕೆಳಬಾಗಿಲಿನಿಂದ ತಂಗಿಯ ಮನೆಯ ದಾರಿ ಹಿಡಿಯುತ್ತಾಳೆ ಎಂದು ಗೊತ್ತಿತ್ತು. ಹೋಗುತ್ತಾಳಂತೆ, ಹೇಗೆ ಹೋಗುತ್ತಾಳೋ ನೋಡೋಣ ಎಂದು ಕೆಳಬಾಗಿಲಿಗೆ ಬೀಗ ಹಾಕಿದೆ. ಹೆಬ್ಬಾಗಿಲಿಗೂ ಹಾಕಿದೆ.

ನಿನ್ನ ಅಜ್ಜಿ ಹೇಳಿದ್ದು ಸರಿ. ಇನ್ನು ಕೇಳುವುದು ಏನೂ ಉಳಿದಿಲ್ಲ. ನೀನು ಇಲ್ಲಿಗೆ ಬರಬೇಡ.

ಅಪ್ಪ


ಮಾರ್ಚ್ 28

ಓದಿದೆ. ನನಗೆ ಬೇಕಾದ್ದು ಸಿಕ್ಕಿತು. ಇನ್ನು ಮುಂದೆ ಬರೆಯಬೇಡಿ. ನಾನು ಬರುವುದೂ ಇಲ್ಲ.

ನಿಮಗೆ ಏನೂ ಅಲ್ಲದವಳು


ಏಪ್ರಿಲ್ 22

ಅಪ್ಪ,

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ. ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಇಸ್ತ್ರಿಯಕ್ಕ ಬಂದು ಬಾಗಿಲು ಬಡಿದಳು. "ಏನಾಯ್ತೇ, ಜ್ವರಾನಾ?" ಎಂದಳು. ಹೂಂ ಎಂದೆ. ಹಣೆ ಮುಟ್ಟಿ ನೋಡಿ, "ಸುಳ್ಳಿ" ಎಂದು ನನ್ನ ಪಕ್ಕ ಕೂತಳು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ನಿನ್ನನ್ನು ಬೈಯಲು ಓದುತ್ತಿದ್ದೆ. ಓದುತ್ತಾ ಓದುತ್ತಾ ಒಂದು ಸಾಲಿನ ಹತ್ತಿರ ಬಂದಾಗಲೆಲ್ಲ ತಡೆಯುತ್ತಿತ್ತು. ಅವಳ ಮೊಳೆ ಖಾಲಿ ಇತ್ತು ಎಂದು ಬರೆದಿದ್ದೀಯಲ್ಲ, ಆ ಸಾಲು.

ಮೊಳೆ ಖಾಲಿ ಇರಲಿಲ್ಲ ಅಪ್ಪ. ಬಿಲ್ಲೆ ನಾನು ಹಾಕಿದ್ದೆ.

ಅಮ್ಮನದು ಎಂದು ನನ್ನ ಹತ್ತಿರ ಉಳಿದಿರುವ ಕೊನೆಯ ನೆನಪು ಅದೇ. ಯಾರಿಗೂ ಹೇಳದೆ ಇಷ್ಟು ವರ್ಷ ಜೋಪಾನ ಮಾಡಿದ್ದೆ. ಶಾಲೆ ಬಿಟ್ಟು ನೇರ ಉಗ್ರಾಣಕ್ಕೆ ಹೋಗಿದ್ದೆ. ಅಮ್ಮ ಸೊಂಟದಿಂದ ಬಿಲ್ಲೆ ಬಿಚ್ಚಿ ನನ್ನ ಅಂಗೈಗೆ ಇಟ್ಟಳು. ಅವಳ ಮಾತು ಗೊತ್ತಲ್ಲ, ಪಕ್ಕದಲ್ಲಿದ್ದರೂ ದೂರದವರನ್ನು ಕರೆದ ಹಾಗೆ.

"ನಾನು ಕೆಲಸ ಮುಗಿಸ್ಕೊಂಡು ಈ ಕೆಳಬಾಗಿಲ ಕಡೆಯಿಂದ ಚಿಕ್ಕಮ್ಮನ ಮನೆಗೆ ಹೋಗ್ತೀನಿ. ನೀನು ಇದನ್ನ ಮೊಳೆಗೆ ಹಾಕ್ಬೇಕು. ಈಗ್ಲೇ ಅಲ್ಲ. ಅಪ್ಪ ಸೀಟಿ ಊದಿದ ಮೇಲೆ."

ಕೆನ್ನೆ ಉಬ್ಬಿಸಿ ನೀನು ಊದುವುದನ್ನು ಮಾಡಿ ತೋರಿಸಿದಳು. ಇಬ್ಬರೂ ನಕ್ಕೆವು. ಬೆಳಿಗ್ಗೆ ಜಗಳವಾಗಿತ್ತಲ್ಲ, ನಿನ್ನ ಮುಂದೆ ಬಂದು ಹೇಳಿ ಹೋಗಲು ಅವಳಿಗೆ ಮನಸ್ಸಿರಲಿಲ್ಲ ಎಂದು ಈಗ ಅನಿಸುತ್ತದೆ.

ಕೆಳಗೆ ಕಂದಕದ ಹತ್ತಿರ ನನ್ನ ಜೊತೆಯವರು ಆಟಕ್ಕೆ ಕಾಯುತ್ತಿದ್ದರು. ಸೀಟಿವರೆಗೆ ನಿಲ್ಲಲು ನನ್ನಿಂದ ಆಗಲಿಲ್ಲ. ನೀನು ಹಲಗೆಯ ಹತ್ತಿರ ಇರಲಿಲ್ಲ. ಮೂರು ಇಟ್ಟಿಗೆ ಒಂದರ ಮೇಲೊಂದಿಟ್ಟು ಹತ್ತಿ ಹಾಕಿದೆ. ನನ್ನ ಕೈ ಮೊಳೆಗೆ ಮುಟ್ಟಿದ್ದು ಅದೇ ಮೊದಲು. ಆಗ ಆದ ಖುಷಿ ಇಷ್ಟು ವರ್ಷ ಹಾಗೇ ಇತ್ತು.

ಆ ಸಂಜೆ ಸೀಟಿ ಕೇಳಲಿಲ್ಲ. ಆಟದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ನೀನು ಊದಲೇ ಇಲ್ಲ, ಅಲ್ಲವೇ? ಹಲಗೆ ಹೊತ್ತಿಗೆ ಮುಂಚೆಯೇ ತುಂಬಿತ್ತು. ಅವಳು ಚಿಕ್ಕಮ್ಮನ ಮನೆಗೆ ಹೋದಳು ಎಂದು ತಿಳಿದು ನೀನು ಬೀಗ ಹಾಕಿದೆ. ಅಲ್ಲಿಗೆ ಹೋಗಿದ್ದಾಳೆ ಎಂದು ನಾವಿಬ್ಬರೂ ಉಂಡು ಮಲಗಿದೆವು.

ನಿನಗೆ ಗೊತ್ತಿತ್ತು. ನಾನು ಬೆಳಿಗ್ಗೆ ಎದ್ದು ನಿನಗೆ ಹೇಳಿದ್ದೆ ಎಂದು ಮಸುಕಾಗಿ ನೆನಪಾಗುತ್ತಿದೆ. ಹೇಳಿದ್ದೆನಾ?

ಯಂತ್ರಕ್ಕೆ ಆ ಕಥೆ ಹಾಗೇ ಹೇಳಬೇಡ. ನಿನ್ನನ್ನು ಕೊಲೆಗಾರ ಮಾಡಿಕೊಂಡು ಇಡೀ ಊರಿಗೆ ಕೇಳಿಸಬೇಡ. ಒಂದು ಮಗು ಇತ್ತು, ಬಿಲ್ಲೆಯನ್ನು ಬೇಗ ಹಾಕಿ ಆಡಲು ಓಡಿತು ಎಂದು ಸೇರಿಸು. ನನ್ನನ್ನು ಅದರೊಳಗೆ ಇಡು. ನಾನು ಕೇಳುವುದು ಇದೊಂದೇ.

ನಿನ್ನ ಕುಳ್ಳಿ


ಮೇ 6

ಕುಳ್ಳಿ,

ಹೌದು, ನೀನು ಹೇಳಿದ್ದೆ. ಬೆಳಿಗ್ಗೆ ನಾನು ಬೀಗದ ಕೈ ತೆಗೆದುಕೊಂಡು ಹೊರಟಾಗ ಹಾಸಿಗೆಯಿಂದ ಎದ್ದು ಕೂತು, "ಅಪ್ಪ, ಬಿಲ್ಲೆ ನಾನೇ ಹಾಕಿದ್ದು, ನೋಡಿದ್ಯಾ? ಈಗ ನಂಗೆ ಎಟುಕತ್ತೆ" ಎಂದೆ. "ಜಾಣೆ" ಎಂದು ತಲೆ ಸವರಿ ಹೋದೆ. ಕೋಟೆಗೆ ಹೋದ ಮೇಲೆ ಗೋಡೆ ಕೆಲಸಕ್ಕೆ ಸುಣ್ಣ ಅರೆಯುವವನು ಓಡಿ ಬಂದು ಗೋಡೆಯ ಹತ್ತಿರ ಕರೆದೊಯ್ದ.

ಅವಳನ್ನು ನೋಡಿದೆ. ನೋಡಿ, ಬೇರೆಯವರು ಬರುವ ಮುಂಚೆ ಹಲಗೆಯ ಹತ್ತಿರ ಹೋಗಿ ಅವಳ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡೆ. ಮೊಳೆ ಖಾಲಿ ಇತ್ತು, ನಾನು ನೋಡಲಿಲ್ಲ ಎಂದು ಕಚೇರಿಯಲ್ಲಿ ಹೇಳಿದೆ. ನಿನ್ನ ಅಜ್ಜಿಗೂ ಅದನ್ನೇ ಹೇಳಿದೆ. ನೋಡದೆ ಇರುವ ಮನುಷ್ಯ ಅಲ್ಲ ನೀನು, ನೋಡಿಯೇ ಹಾಕಿದ್ದೀಯ ಎಂದಳು. ಹಾಗೇ ಎಂದುಕೊಳ್ಳಲಿ ಎಂದು ಬಿಟ್ಟೆ. ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಇಲ್ಲಿದ್ದರೆ ನೀನು ದಿನಾ ಆ ಹಲಗೆಯ ಮುಂದೆ ಓಡಾಡಬೇಕಿತ್ತು, ಯಾವತ್ತೋ ಒಂದು ದಿನ ತಿಳಿದುಬಿಡುತ್ತಿತ್ತು. ಹೂಂ ಎಂದೆ. ನೀನು ಹೊರಟಾಗ ನಾನು ಬಾಗಿಲಿಗೆ ಬರಲಿಲ್ಲ ಎಂದು ಬರೆದಿದ್ದೆಯಲ್ಲ. ಬಂದಿದ್ದರೆ ಕಳಿಸುತ್ತಿರಲಿಲ್ಲ.

ಇನ್ನೊಂದು ಮಾತು ಸರಿಯಾಗಿ ಓದು. ಆ ದಿನ ಚಳಿಗಾಳಿ, ನೋಡಲು ಬಂದವರು ಯಾರೂ ಇರಲಿಲ್ಲ. ಕೆಲಸದವರೆಲ್ಲ ಬೇಗ ಹೊರಟರು. ನಾಲ್ಕೂವರೆಗೆ ಹಲಗೆ ತುಂಬಿತ್ತು, ಸೀಟಿ ಊದಲಿಲ್ಲ. ಪೊರಕೆಯ ಸದ್ದೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಕೂತಿದ್ದಳೋ ಏನೋ. ಕೆಳಬಾಗಿಲಿಗೆ ಬೀಗ ಹಾಕಿದೆನಲ್ಲ, ಅಲ್ಲಿಂದ ಉಗ್ರಾಣಕ್ಕೆ ನಲವತ್ತು ಹೆಜ್ಜೆ. ಹೋಗಿ ಒಮ್ಮೆ ಇಣುಕಿದ್ದರೆ ಸಾಕಿತ್ತು. ಬೆಳಿಗ್ಗೆ ಜಗಳವಾಗಿತ್ತು, ಹೇಳದೆ ಹೋದಳಲ್ಲ ಎಂದು ನನಗೂ ಬಿಗುಮಾನ. ಇಣುಕಲಿಲ್ಲ. ಹಲಗೆ ನೋಡಿದೆ, ಮನುಷ್ಯರನ್ನು ನೋಡಲಿಲ್ಲ. ಬೀಗ ಹಾಕುವವನು ನಾನು, ನೀನಲ್ಲ. ಆಡಲು ಓಡಿದ ಮಗುವಿನ ತಲೆಗೆ ಇದನ್ನು ಕಟ್ಟಲು ನಾನು ಬಿಡುವುದಿಲ್ಲ, ನೀನೇ ಬಂದು ಕೇಳಿದರೂ ಬಿಡುವುದಿಲ್ಲ.

ನೀನು ಕೆಲಸಕ್ಕೆ ಹೋಗು. ಆ ಇಸ್ತ್ರಿಯಕ್ಕನಿಗೆ ಎಲ್ಲ ಹೇಳು. ಒಬ್ಬಳೇ ಇಟ್ಟುಕೊಳ್ಳಬೇಡ. ನಾನು ಇಟ್ಟುಕೊಂಡು ಏನಾಗಿದ್ದೇನೆ ಎಂದು ನನಗೆ ಗೊತ್ತು.

ಯಂತ್ರದವರು ನಿನ್ನೆ ಬಂದಿದ್ದರು. ಇಬ್ಬರು ಹುಡುಗಿಯರು, ಕುತ್ತಿಗೆಗೆ ತಂತಿ ಹಾಕಿಕೊಂಡು. ಕೊಳ, ಹೆಬ್ಬಾಗಿಲು ಎಲ್ಲ ಮುಗಿಸಿ ಮಧ್ಯಾಹ್ನ ಉಗ್ರಾಣಕ್ಕೆ ಬಂದರು. ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ನಿಧಾನಕ್ಕೆ, ಒಂದು ಮಾತೂ ತೊದಲದೆ ಹೇಳಿದೆ. ಕಾವಲುಗಾರ ಖಾಲಿ ಮೊಳೆ ನೋಡಿಯೂ ಬೀಗ ಹಾಕಿದ ಎಂದು ಹೇಳಿದೆ. ಹಲಗೆಯ ವಿಚಾರ ಕಥೆಗೆ ಬಂದದ್ದು ಇದೇ ಮೊದಲು.

ಮುಗಿದ ಮೇಲೆ ಆ ಹುಡುಗಿ ಕಿವಿಯಿಂದ ಯಂತ್ರ ತೆಗೆದು, "ಚೆನ್ನಾಗಿ ಬಂದಿದೆ ತಾತ. ಇನ್ಮೇಲೆ ಬದಲಾಯ್ಸಕ್ಕೆ ಆಗಲ್ಲ, ಏನಾದ್ರೂ ಸೇರಿಸೋದಿದ್ರೆ ಈಗ್ಲೇ ಹೇಳಿ. ಈ ಕಥೇಲಿ ಬೇರೆ ಯಾರೂ ಬರಲ್ವಾ?" ಎಂದಳು.

"ಇಲ್ಲಮ್ಮ" ಎಂದೆ. "ಅವಳು, ಅವಳ ಗಂಡ. ಇಬ್ಬರೇ."

ಅಪ್ಪ